ಹುಳು ಕಾಣದ ಕಾಲದಲ್ಲಿ ಹುಳು ಎಲ್ಲಿರುತ್ತದೆ?

ಹಣ್ಣಿನ ಬೆಳೆಗಾರರ ಸಭೆಗೆ ಹೋದಾಗಲೆಲ್ಲ ನಾನು ಮಾತು ಶುರು ಮಾಡುವ ಮೊದಲೇ ಯಾರಾದರೊಬ್ಬರು ಒಂದು ಹಣ್ಣು ತಂದು ಮೇಜಿನ ಮೇಲೆ ಇಡುತ್ತಾರೆ. ಇಂದೂ ಹಾಗೆಯೇ ಆಯಿತು. ಇಗೋ, ಈ ಸೀಬೆಹಣ್ಣು. ಹೊರಗಿನಿಂದ ಚೆನ್ನಾಗಿಯೇ ಇದೆ. ಒಂದು ಕಡೆ ಸೂಜಿ ಚುಚ್ಚಿದಷ್ಟು ಸಣ್ಣ ಕಲೆ, ಬೆರಳಿಟ್ಟರೆ ಅದರ ಸುತ್ತ ಸ್ವಲ್ಪ ಮೆತ್ತಗೆ. ಕತ್ತರಿಸಿದರೆ ತಿರುಳು ಕೊಳೆತು ನೀರಾಗಿದೆ, ಅದರಲ್ಲಿ ಬೆಳ್ಳಗಿನ ಹುಳುಗಳು ಮಿಜಿಗುಡುತ್ತಿವೆ. "ಇದಕ್ಕೆ ಯಾವ ಔಷಧಿ ಹೊಡೆಯಬೇಕು?" ಎಂಬುದು ತಂದವರ ಪ್ರಶ್ನೆ.

ಈ ಹಣ್ಣಿಗೆ ಯಾವ ಔಷಧಿಯೂ ಇಲ್ಲ. ಹಣ್ಣುನೊಣದ ಹೆಣ್ಣು ಇದರ ಸಿಪ್ಪೆಯೊಳಗೆ ಮೊಟ್ಟೆ ಚುಚ್ಚಿ ಹೋಗಿ ಹೆಚ್ಚುಕಡಿಮೆ ಒಂದು ವಾರವಾಗಿದೆ. ಈಗ ಮೇಲೆ ಏನನ್ನು ಸುರಿದರೂ ಒಳಗಿರುವ ಹುಳುವಿಗೆ ಅದು ತಟ್ಟುವುದಿಲ್ಲ. ಆದ್ದರಿಂದ ನಾನು ಪ್ರಶ್ನೆಯನ್ನೇ ಬದಲಿಸಿ ಕೇಳುತ್ತೇನೆ: ಒಂದು ತಿಂಗಳ ಹಿಂದೆ ಈ ನೊಣ ನಿಮ್ಮ ತೋಟದ ಯಾವ ಜಾಗದಲ್ಲಿತ್ತು? ಇನ್ನು ಹತ್ತು ದಿನಕ್ಕೆ ಈ ಹುಳುಗಳು ಎಲ್ಲಿರುತ್ತವೆ? ಇವೆರಡಕ್ಕೆ ಉತ್ತರ ಗೊತ್ತಿರುವ ಬೆಳೆಗಾರನಿಗೆ ಅರ್ಧ ಕೆಲಸ ಮುಗಿದಂತೆ. ಹುಳು ಕಣ್ಣಿಗೆ ಬೀಳುವ ಕಾಲ ಅದರ ಬದುಕಿನಲ್ಲಿ ಬಹಳ ಚಿಕ್ಕದು. ಉಳಿದ ಕಾಲವೆಲ್ಲ ಅದು ತೊಗಟೆಯ ಬಿರುಕಿನಲ್ಲೋ ಮಣ್ಣಿನಲ್ಲೋ ಬೇಲಿಯ ಬಳ್ಳಿಯಲ್ಲೋ ಇರುತ್ತದೆ. ಅದನ್ನು ಹಿಡಿಯಲು ಸುಲಭವಾದ ಕಾಲವೂ ಅದೇ. ಇವತ್ತಿನ ಮಾತಿನ ತಿರುಳು ಇಷ್ಟೇ.

ಮೊದಲು ಋತುವಿನ ಬಗ್ಗೆ. ಋತು ಎಂದೊಡನೆ ನಾವು ತಿಂಗಳುಗಳನ್ನು ಎಣಿಸುತ್ತೇವೆ. ಕೀಟಕ್ಕೆ ತಿಂಗಳು ತಿಳಿಯದು, ಬಿಸಿಲು ತಿಳಿಯುತ್ತದೆ. ನಮ್ಮ ಹಾಗೆ ಅದರ ಮೈಯಲ್ಲಿ ಒಂದೇ ಮಟ್ಟದ ಶಾಖ ಇರುವುದಿಲ್ಲ. ಹೊರಗೆ ಕಾವೇರಿದಂತೆ ಬೇಗ ಬೆಳೆಯುತ್ತದೆ, ತಣ್ಣಗಾದರೆ ನಿಧಾನವಾಗುತ್ತದೆ, ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಬೆಳವಣಿಗೆಯೇ ನಿಂತುಬಿಡುತ್ತದೆ. ಸೇಬಿನ ತೋಟಗಳಿಗೆ ಲೋಕದ ಹಲವೆಡೆ ತಲೆನೋವಾಗಿರುವ ಕಾಡ್ಲಿಂಗ್ ಪತಂಗದ ವಿಷಯದಲ್ಲಿ ಈ ಲೆಕ್ಕವನ್ನು ಬಹಳ ಚೆನ್ನಾಗಿ ಕಂಡುಕೊಂಡಿದ್ದಾರೆ. ಅದರ ಬೆಳವಣಿಗೆಗೆ ಬೇಕಾದ ಕನಿಷ್ಠ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್. ದಿನದ ಸರಾಸರಿ 18 ಡಿಗ್ರಿ ಇದ್ದರೆ ಆ ದಿನದ ಗಳಿಕೆ 8. ಹೀಗೆ ಪ್ರತಿದಿನದ ಗಳಿಕೆಯನ್ನು ಕೂಡಿಸುತ್ತಾ ಹೋಗಬೇಕು. ಬಲೆಗೆ ಪತಂಗಗಳು ಬಿಡದೆ ಬೀಳತೊಡಗಿದ ದಿನದಿಂದ ಈ ಮೊತ್ತ ಸುಮಾರು 140 ಮುಟ್ಟಿದಾಗ ಮೊದಲ ಮೊಟ್ಟೆಗಳು ಒಡೆಯುತ್ತವೆ. ದಿನಕ್ಕೆ 5ರಂತೆ ಗಳಿಸುವ ತಣ್ಣನೆಯ ವರ್ಷದಲ್ಲಿ ಅದಕ್ಕೆ ನಾಲ್ಕು ವಾರ ಬೇಕು, 10ರಂತೆ ಗಳಿಸುವ ವರ್ಷದಲ್ಲಿ ಎರಡೇ ವಾರ ಸಾಕು. ಮೊಟ್ಟೆಯೊಡೆದ ಮರಿಹುಳು ಕಾಯಿಯ ಹೊರಗೆ ಅಲೆದಾಡುವುದು ಕೆಲವೇ ಗಂಟೆಗಳು, ಬಳಿಕ ಒಳಗೆ ಕೊರೆದುಕೊಂಡು ಹೋಗುತ್ತದೆ. ಎರಡು ವಾರ ಹಿಂದೆ ಮುಂದೆ ಸರಿಯುವ ಒಂದು ಘಟನೆಗೆ ನಾವು ಗೋಡೆಯ ಪಂಚಾಂಗ ನೋಡಿ ದಿನ ಗೊತ್ತು ಮಾಡಿದರೆ ಏನಾದೀತು?

ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಮಾವಿಗೆ ತಿಂಗಳವಾರು ಸಿಂಪಡಣೆಯ ಪಟ್ಟಿಯೊಂದನ್ನು ಬರೆದು ಹಂಚಿದ್ದೆ. ಅಚ್ಚುಕಟ್ಟಾಗಿ ಗೆರೆ ಹಾಕಿದ ಪಟ್ಟಿ, ಇಂಥ ತಿಂಗಳ ಇಂಥ ವಾರ ಇಂಥದ್ದು ಎಂದು. ಆ ವರ್ಷ ಚಳಿ ತಡವಾಗಿ ಬಂತು, ಹೂವು ಮೂರು ವಾರ ತಡವಾಯಿತು. ಪಟ್ಟಿಯನ್ನು ನಂಬಿದವರು ಬರಿ ಎಲೆಯಿದ್ದ ಮರಗಳಿಗೆ ಔಷಧಿ ಹೊಡೆದರು. ಹೂಗೊಂಚಲು ಹೊರಟು ಜಿಗಿಹುಳು ಅದರ ಮೇಲೆ ಕುಳಿತಾಗ ಅವರ ಕೈಯಲ್ಲಿ ಹಣವೂ ಇರಲಿಲ್ಲ, ಪಟ್ಟಿಯಲ್ಲಿ ಮುಂದಿನ ಸಾಲೂ ಇರಲಿಲ್ಲ. ನನ್ನ ಮಾತು ಕೇಳಿ ನಷ್ಟಪಟ್ಟ ಆ ಮನೆಗಳನ್ನು ನಾನು ಮರೆತಿಲ್ಲ. ಅಂದಿನಿಂದ ತಾರೀಖು ಹಾಕಿದ ಪಟ್ಟಿಯನ್ನು ಯಾರಿಗೂ ಕೊಟ್ಟಿಲ್ಲ. ಇಂದೂ ಕೊಡುವುದಿಲ್ಲ.

ತಾರೀಖಿನ ಬದಲು ಮರವನ್ನು ನೋಡಿ. ಚಿಗುರು, ಹೂವು, ಮಿಡಿ, ಬಲಿತ ಕಾಯಿ, ಕೊಯ್ಲಿನ ನಂತರದ ವಿಶ್ರಾಂತಿ: ಪ್ರತಿ ಹಂತಕ್ಕೂ ಅದರದೇ ಆದ ಕೀಟವಿದೆ. ನಿಂಬೆ, ಕಿತ್ತಳೆ ಗಿಡಗಳ ಎಲೆಯ ಮೇಲೆ ಬೆಳ್ಳಿಯ ಗೆರೆ ಎಳೆದಂತೆ ಸುತ್ತಿ ಸುತ್ತಿ ಹೋಗುವ ರಂಗೋಲಿ ಹುಳುವನ್ನು ತೆಗೆದುಕೊಳ್ಳಿ. ಅದರ ಪುಟ್ಟ ಪತಂಗ ಮೊಟ್ಟೆ ಇಡುವುದು ಎಳೆಯ ಚಿಗುರಿಗೆ ಮಾತ್ರ. ಎಲೆ ಬಲಿತು ಗಟ್ಟಿಯಾಯಿತೆಂದರೆ ಅದರ ಭಯವಿಲ್ಲ. ಮಳೆಯ ನಂತರ ಗಿಡಗಳೆಲ್ಲ ಒಟ್ಟಿಗೆ ಚಿಗುರಿ ಒಟ್ಟಿಗೆ ಬಲಿತರೆ ಹುಳುವಿಗೆ ಸಿಗುವುದು ಎರಡು ಮೂರು ವಾರದ ಊಟ. ಯೂರಿಯಾ ಹೆಚ್ಚಾಗಿ ಸುರಿದು, ಬೇಕಾಬಿಟ್ಟಿ ನೀರು ಬಿಟ್ಟು, ವರ್ಷವಿಡೀ ಒಂದಿಲ್ಲೊಂದು ಟಿಸಿಲಿನಲ್ಲಿ ಚಿಗುರು ಇರುವಂತೆ ಮಾಡಿದರೆ ನಾವೇ ಅದಕ್ಕೆ ವರ್ಷವಿಡೀ ಎಲೆ ಹಾಕಿ ಬಡಿಸಿದಂತಾಗುತ್ತದೆ. ಇಲ್ಲಿ ನೀರು ಗೊಬ್ಬರಗಳ ಹತೋಟಿಯೇ ಕೀಟದ ಹತೋಟಿ. ಬೆಳೆದ ಮರಗಳಲ್ಲಿ ಈ ಹುಳುವಿಗಾಗಿ ಸಿಂಪಡಣೆ ಬಹುಪಾಲು ವ್ಯರ್ಥ. ಎಳೆಯ ಸಸಿಗಳಲ್ಲಿ ಮತ್ತು ನರ್ಸರಿಯಲ್ಲಿ ಮಾತ್ರ ನಾನು ಅದರ ಬಗ್ಗೆ ಚಿಂತಿಸುತ್ತೇನೆ.

ಮಾವಿನ ಜಿಗಿಹುಳುವಿಗೆ ಮತ್ತೆ ಬರುತ್ತೇನೆ. ಹೂವಿಲ್ಲದ ದಿನಗಳಲ್ಲಿ ಅದು ಎಲ್ಲಿರುತ್ತದೆ? ಹಳೆಯ, ದಟ್ಟವಾದ ಮಾವಿನ ತೋಪಿನೊಳಗೆ ಹೋಗಿ, ಬಿಸಿಲು ಬೀಳದ ಒಂದು ಕಾಂಡದ ಮೇಲೆ ಅಂಗೈ ಸವರಿ ನೋಡಿ. ಬೆಣೆಯಾಕಾರದ, ತೊಗಟೆಯದೇ ಬಣ್ಣದ ಪುಟ್ಟ ಕೀಟಗಳು ಓರೆಯಾಗಿ ಓಡಿ ಕಾಂಡದ ಇನ್ನೊಂದು ಮಗ್ಗುಲಿಗೆ ಹೋಗಿ ಅಡಗುತ್ತವೆ. ಕೊಂಬೆ ಅಲುಗಿಸಿದರೆ ಒಣಎಲೆಯ ಮೇಲೆ ಮಳೆಹನಿ ಬಿದ್ದಂತೆ ಚಟಚಟ ಸದ್ದು. ತಿಂಗಳುಗಟ್ಟಲೆ ಅವು ತೊಗಟೆಯ ಬಿರುಕುಗಳಲ್ಲಿ ಹೀಗೆ ಕಾಯುತ್ತವೆ. ಹೂಗೊಂಚಲಿನ ಎಳೆಯ ದಂಟು ಹೊರಟೊಡನೆ ಅದರ ಮೃದುವಾದ ಅಂಗಾಂಶದೊಳಗೆ ಮೊಟ್ಟೆ ತೂರಿಸುತ್ತವೆ. ಒಂದು ವಾರದೊಳಗೆ ಮರಿಗಳು ಹೊರಬಂದು ರಸ ಹೀರತೊಡಗುತ್ತವೆ. ಹೂವು ಕಂದಿ ಉದುರುತ್ತದೆ. ಮರಿಗಳು ಸ್ರವಿಸುವ ಸಿಹಿ ಅಂಟು ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು ಇಡೀ ಮರ ಮಸಿ ಬಳಿದಂತೆ ಕಾಣುತ್ತದೆ. ಮರ ಕಪ್ಪಾದ ಮೇಲೆ ಸಿಂಪಡಿಸುವವರನ್ನು ನಾನು ಬಹಳ ನೋಡಿದ್ದೇನೆ. ಅಷ್ಟರಲ್ಲಿ ನಷ್ಟ ಆಗಿಹೋಗಿರುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಕೊಯ್ಲು ಮುಗಿದ ಮೇಲೆ ಮರದ ಒಳಗಿನ ಒಣಕೊಂಬೆ, ಒಂದರ ಮೇಲೊಂದು ಬಿದ್ದ ರೆಂಬೆಗಳನ್ನು ಸವರಿ, ನಡುವಿಗೆ ಬಿಸಿಲು ಗಾಳಿ ಬೀಳುವಂತೆ ಮಾಡುವುದು. ಜಿಗಿಹುಳುವಿಗೆ ನೆರಳು ತೇವ ಎರಡೂ ಬೇಕು, ಮಧ್ಯಾಹ್ನದ ಬಿಸಿಲು ಕಾಂಡಕ್ಕೆ ಬಿದ್ದರೆ ಅದು ಅಲ್ಲಿ ನಿಲ್ಲುವುದಿಲ್ಲ. ಗೊಂಚಲು ಹೊರಡುವ ಹೊತ್ತಿಗೆ ವಾರಕ್ಕೊಮ್ಮೆ ನೋಡಿ, ಕೀಟ ಏರುತ್ತಿದ್ದರೆ ಹೂ ಅರಳುವ ಮೊದಲೇ, ಕಾಂಡವೂ ನೆನೆಯುವಂತೆ ಒಮ್ಮೆ ಸಿಂಪಡಿಸುವುದು. ಅರಳಿದ ಹೂವಿನ ಮೇಲೆ ದಯವಿಟ್ಟು ಬೇಡ. ಮಾವಿನ ಪರಾಗಸ್ಪರ್ಶದ ಬಹುಭಾಗವನ್ನು ನೊಣಗಳು, ಜೇನ್ನೊಣಗಳಂತಹ ಕೀಟಗಳೇ ಮಾಡುತ್ತವೆ. ಜಿಗಿಹುಳುವಿಗೆಂದು ಹೊಡೆದ ವಿಷದಿಂದ ಅವು ಸತ್ತರೆ ಹೂವು ಉಳಿದರೂ ಕಾಯಿ ಕಚ್ಚುವುದಿಲ್ಲ.

ಕಾಣದ ಕಾಲದಲ್ಲೇ ಹಿಡಿಯಬೇಕಾದ ಕೀಟಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಮಾವಿನ ದೊಡ್ಡ ಹಿಟ್ಟುತಿಗಣೆ. ಉತ್ತರ ಭಾರತದ ಬಯಲಿನ ತೋಪುಗಳಲ್ಲಿ ಅದರ ಕಾಟ ಹೆಚ್ಚು. ವರ್ಷಕ್ಕೆ ಒಂದೇ ಪೀಳಿಗೆ. ಬೇಸಿಗೆಯಲ್ಲಿ ಹೆಣ್ಣು ತಿಗಣೆಗಳು ಮರದಿಂದ ಇಳಿದು ಬುಡದ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಮೊಟ್ಟೆಗಳು ಬೇಸಿಗೆ, ಮಳೆಗಾಲಗಳನ್ನು ಮಣ್ಣಿನಲ್ಲೇ ಕಳೆದು ಡಿಸೆಂಬರ್, ಜನವರಿಯ ಚಳಿಯಲ್ಲಿ ಒಡೆಯುತ್ತವೆ. ಆಗ ಗುಲಾಬಿ ಕಂದು ಬಣ್ಣದ ಮರಿಗಳು ಸಾಲುಸಾಲಾಗಿ ಕಾಂಡವನ್ನು ಹತ್ತತೊಡಗುತ್ತವೆ. ಅವುಗಳಿಗೆ ಹಾರಲು ಬರುವುದಿಲ್ಲ, ಹತ್ತಲೇಬೇಕು. ಈ ಒಂದು ಸಂಗತಿಯ ಮೇಲೆ ಇಡೀ ಹತೋಟಿ ನಿಂತಿದೆ. ಮರಿಗಳು ಹೊರಡುವ ಮೊದಲೇ ನೆಲದಿಂದ ಮೊಣಕಾಲೆತ್ತರದಲ್ಲಿ ಕಾಂಡದ ಸುತ್ತ 25ರಿಂದ 30 ಸೆಂಟಿಮೀಟರ್ ಅಗಲದ ನುಣುಪಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ, ಮೇಲೂ ಕೆಳಗೂ ದಾರ ಕಟ್ಟಿ, ಕೆಳ ಅಂಚಿಗೆ ಗ್ರೀಸ್ ಬಳಿಯಬೇಕು. ಕಟ್ಟುವ ಮೊದಲು ತೊಗಟೆಯ ಬಿರುಕುಗಳಿಗೆ ಮಣ್ಣು ಮೆತ್ತಿ ಮಟ್ಟ ಮಾಡುವುದನ್ನು ಮರೆಯಬಾರದು. ಮರೆತರೆ ಹಾಳೆಯ ಅಡಿಯಲ್ಲೇ ದಾರಿ ಮಾಡಿಕೊಂಡು ಹತ್ತುತ್ತವೆ. ಪಟ್ಟಿಯ ಕೆಳಗೆ ಜಮಾಯಿಸಿದ ಮರಿಗಳನ್ನು ದಿನಾ ಉಜ್ಜಿ ತೆಗೆದರೆ ಮುಗಿಯಿತು. ಇದನ್ನು ಬಿಟ್ಟು, ಅವು ತುದಿ ಸೇರಿ ಮೈಮೇಲೆ ಮೇಣದ ಬಿಳಿ ಪುಡಿ ಹೊದ್ದುಕೊಂಡ ಮೇಲೆ ಏಣಿ ಹಾಕಿ ಸಿಂಪಡಿಸಿದರೆ ಹನಿಗಳು ಆ ಮೇಣದ ಮೇಲಿಂದ ಜಾರಿ ನೆಲಕ್ಕೆ ಬೀಳುತ್ತವೆ. ಬೇಸಿಗೆಯಲ್ಲಿ ಬುಡದ ಮಣ್ಣನ್ನು ಮಗುಚಿ ಮೊಟ್ಟೆಗಳನ್ನು ಬಿಸಿಲಿಗೆ ಒಡ್ಡುವುದೂ ಇದೇ ಕೆಲಸದ ಇನ್ನೊಂದು ಭಾಗ.

ಮಾವಿನ ವಾಟೆ ಕೊರೆಯುವ ಮೂತಿಹುಳುವೂ ವರ್ಷಕ್ಕೊಂದೇ ಪೀಳಿಗೆಯದು. ಮಿಡಿ ಗೋಲಿಯ ಗಾತ್ರವಿದ್ದಾಗ ಒಳಹೊಕ್ಕು, ಗಾಯ ಮಾಯ್ದು ಹೋಗಿ, ಹಣ್ಣು ಕತ್ತರಿಸುವವರೆಗೆ ಗುರುತೇ ಸಿಗದ ಕೀಟ. ಕೊಯ್ಲಿನ ನಂತರ ತೋಟದಲ್ಲಿ ಬಿದ್ದ ವಾಟೆಗಳನ್ನು ಆರಿಸಿ ನಾಶ ಮಾಡುವುದು ಇದಕ್ಕೆ ಮೊದಲ ಮದ್ದು. ಹೆಚ್ಚು ಹೇಳುವುದಿಲ್ಲ.

ಮೇಜಿನ ಮೇಲಿನ ಸೀಬೆಹಣ್ಣಿಗೆ ಮರಳೋಣ. ಬೆಚ್ಚಗಿನ ದಿನಗಳಲ್ಲಿ ಹಣ್ಣುನೊಣದ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಹುಳು ಸುಮಾರು ಒಂದು ವಾರ ತಿರುಳು ತಿಂದು, ಹಣ್ಣಿನಿಂದ ಹೊರಗೆ ಹಾರಿ, ಮೇಲ್ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಆಳದಲ್ಲಿ, ಅಲುಗಾಡದೆ ನೊಣವಾಗಲು ಕಾಯುವ ಕೋಶವಾಗುತ್ತದೆ. ಹೌದು, ಹಾರಿ: ಆ ಕಾಲಿಲ್ಲದ ಹುಳು ಮೈಯನ್ನು ಬಿಲ್ಲಿನಂತೆ ಬಾಗಿಸಿ ಚಿಮ್ಮುತ್ತದೆ. ಒಂದು ತಟ್ಟೆಯಲ್ಲಿ ಹಣ್ಣನ್ನಿಟ್ಟು ಮಕ್ಕಳಿಗೆ ತೋರಿಸಿ, ಅವರು ಮರೆಯುವುದಿಲ್ಲ. ಹತ್ತು ದಿನದ ಆಸುಪಾಸಿನಲ್ಲಿ ಕೋಶದಿಂದ ನೊಣ ಹೊರಬರುತ್ತದೆ. ಹೊರಬಂದ ಹೆಣ್ಣಿಗೆ ತಕ್ಷಣ ಮೊಟ್ಟೆ ಇಡಲಾಗದು. ಅದರ ಮೊಟ್ಟೆಗಳು ಬಲಿಯಲು ಪ್ರೋಟೀನ್ ಬೇಕು, ಅದಕ್ಕಾಗಿ ಒಂದು ವಾರಕ್ಕೂ ಹೆಚ್ಚು ಕಾಲ ಎಲೆಗಳ ಮೇಲೆ ಊಟ ಹುಡುಕುತ್ತಾ ಅಲೆಯುತ್ತದೆ. ಬಳಿಕ ತನ್ನ ಆಯಸ್ಸಿನಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು.

ಈ ಕಥೆಯಲ್ಲಿ ನಮ್ಮ ಕೈಗೆ ಸಿಗುವ ಜಾಗಗಳನ್ನು ಗಮನಿಸಿ. ಒಂದು, ನೆಲಕ್ಕೆ ಬಿದ್ದ ಹಣ್ಣು. ಇನ್ನೊಂದು, ಊಟಕ್ಕೆ ಅಲೆಯುವ ಹೆಣ್ಣು: ಪ್ರೋಟೀನ್ ಮತ್ತು ಅಲ್ಪ ಪ್ರಮಾಣದ ಕೀಟನಾಶಕ ಬೆರೆಸಿದ ಆಮಿಷವನ್ನು ಇಡೀ ಮರಕ್ಕೆ ಹೊಡೆಯದೆ ಅಲ್ಲೊಂದು ಇಲ್ಲೊಂದು ಕಡೆ ಎಲೆಗಳ ಮೇಲೆ ಚಿಮುಕಿಸಿದರೆ ಅದು ತಾನೇ ಹುಡುಕಿಕೊಂಡು ಬರುತ್ತದೆ. ಮತ್ತೊಂದು, ಗಂಡು. ಗಂಡಿನ ವಿಷಯ ಸ್ವಾರಸ್ಯಕರವಾಗಿದೆ. 1912ರಲ್ಲಿ ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್, ಸಿಟ್ರೊನೆಲ್ಲಾ ಎಂಬ ಹುಲ್ಲಿನ ಸುಗಂಧ ಎಣ್ಣೆಗೆ ಹಣ್ಣುನೊಣಗಳು ಮುತ್ತುವುದನ್ನು ವರದಿ ಮಾಡಿದರು. ಮುತ್ತುತ್ತಿದ್ದವು ಬರಿ ಗಂಡುಗಳು. 1915ರ ಹೊತ್ತಿಗೆ ಆ ಸೆಳೆತದ ಹಿಂದಿರುವುದು ಮೀಥೈಲ್ ಯುಜಿನಾಲ್ ಎಂದು ಅವರು ಗುರುತಿಸಿದರು. ತುಳಸಿಯಲ್ಲೂ ಇರುವ ವಸ್ತು ಇದು. ಇಂದು ಲೋಕದಾದ್ಯಂತ ತೋಟಗಳಲ್ಲಿ ತೂಗುವ ಹಣ್ಣುನೊಣದ ಬಲೆಗಳಲ್ಲಿ ಬಹಳಷ್ಟು ಆ ಗಮನಿಕೆಯ ಫಲ. 1960ರ ದಶಕದ ಆರಂಭದಲ್ಲಿ ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ ಈ ವಸ್ತು ಮತ್ತು ಕೀಟನಾಶಕದಲ್ಲಿ ನೆನೆಸಿದ ತುಂಡುಗಳನ್ನು ದ್ವೀಪದುದ್ದಕ್ಕೂ ಹರಡಿ, ಗಂಡುಗಳನ್ನು ಮುಗಿಸಿ, ಅಲ್ಲಿ ಆ ಜಾತಿಯ ಹಣ್ಣುನೊಣವನ್ನೇ ಇಲ್ಲವಾಗಿಸಿದರು.

ಆದರೆ ನಿಮ್ಮ ತೋಟ ದ್ವೀಪವಲ್ಲ. ಬಲೆಯಲ್ಲಿ ನೂರು ಗಂಡು ಸತ್ತವೆಂದು ಖುಷಿಪಡುವ ಮೊದಲು, ಉಳಿದ ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು ಎಂಬುದನ್ನು ನೆನಪಿಡಿ. ನಾಲ್ಕಾರು ಬಲೆಗಳನ್ನು ಒಬ್ಬರೇ ತೂಗು ಹಾಕಿದರೆ ಅದು ನೊಣದ ಏರಿಳಿತ ತಿಳಿಯುವ ಸಾಧನ ಅಷ್ಟೆ. ಅಕ್ಕಪಕ್ಕದ ತೋಟದವರೆಲ್ಲ ಸೇರಿ, ಕಾಯಿ ಬಲಿಯುವ ಮೊದಲೇ ಶುರು ಮಾಡಿ, ಕೊಯ್ಲಿನ ನಂತರವೂ ಬಲೆ ತೆಗೆಯದೆ ಮುಂದುವರಿಸಿದಾಗ ಅದು ಹತೋಟಿಯಾಗುತ್ತದೆ. ಎಲ್ಲ ಜಾತಿಯ ಹಣ್ಣುನೊಣಗಳೂ ಇದೇ ಆಮಿಷಕ್ಕೆ ಬರುವುದಿಲ್ಲ ಎಂಬುದೂ ತಿಳಿದಿರಲಿ. ಸೀಬೆಯಲ್ಲಂತೂ ಇನ್ನೊಂದು ಉಪಾಯವಿದೆ: ಮಳೆಗಾಲದ ಫಸಲಿಗೆ ನೊಣದ ಕಾಟ ವಿಪರೀತ, ಚಳಿಗಾಲದ ಫಸಲು ಬಹುಮಟ್ಟಿಗೆ ಶುದ್ಧ. ಮಳೆಗಾಲದ ಫಸಲು ಕೊಡುವ ಹೂವನ್ನು ಕಳೆದು ಚಳಿಗಾಲದ ಫಸಲನ್ನೇ ಹಿಡಿಯುವ ಬೆಳೆಗಾರ ಒಂದು ಹನಿ ಔಷಧಿಯನ್ನೂ ಹೊಡೆಯದೆ ಕೀಟದ ಕಾಲದಿಂದ ತಪ್ಪಿಸಿಕೊಳ್ಳುತ್ತಾನೆ.

ಕೆಲವೊಮ್ಮೆ ಶತ್ರು ಹುಟ್ಟುವುದು ತೋಟದಲ್ಲೇ ಅಲ್ಲ. ಕಿತ್ತಳೆ, ಮೂಸಂಬಿಗಳ ರಸ ಹೀರುವ ಪತಂಗ ಮಳೆಗಾಲದ ಕೊನೆಗೆ ರಾತ್ರಿಯಲ್ಲಿ ಬರುತ್ತದೆ. ಟಾರ್ಚ್ ಬಿಟ್ಟರೆ ಅದರ ಕಣ್ಣುಗಳು ಕೆಂಡದ ಕಿಡಿಯಂತೆ ಹೊಳೆಯುತ್ತವೆ. ಸಿಪ್ಪೆಯನ್ನೇ ತೂತು ಮಾಡುವಷ್ಟು ಗಟ್ಟಿಯಾದ ಸೊಂಡಿಲು ಅದಕ್ಕೆ. ಅದರ ಹುಳು ಮಾತ್ರ ಕಿತ್ತಳೆಯ ಒಂದೆಲೆಯನ್ನೂ ಮುಟ್ಟುವುದಿಲ್ಲ. ಅದು ಬೆಳೆಯುವುದು ಬೇಲಿ, ಕುರುಚಲು ಕಾಡುಗಳಲ್ಲಿ ಹಬ್ಬುವ ಅಮೃತಬಳ್ಳಿಯಂತಹ ಬಳ್ಳಿಗಳ ಮೇಲೆ. ಗಿಡಕ್ಕೆ ಎಷ್ಟು ಸಿಂಪಡಿಸಿದರೂ ಹುಳು ಅಲ್ಲಿಲ್ಲ, ಪತಂಗ ಹಗಲಲ್ಲಿ ಅಲ್ಲಿಲ್ಲ. ಹಣ್ಣಿಗೆ ಚೀಲ ಕಟ್ಟುವುದು, ಬಿದ್ದ ಹಣ್ಣು ಆರಿಸುವುದು, ರಾತ್ರಿ ಟಾರ್ಚ್ ಹಿಡಿದು ಪತಂಗಗಳನ್ನು ಹಿಡಿಯುವುದು, ಇಷ್ಟೇ ನಿಜವಾದ ದಾರಿ. ದಾಳಿಂಬೆಯ ಕಾಯಿಕೊರಕ ಚಿಟ್ಟೆಗೂ ಚೀಲವೇ ಉತ್ತಮ, ಅದು ಕಾಯಿಯ ಮೇಲೆ ಬಿಡಿಬಿಡಿಯಾಗಿ ಮೊಟ್ಟೆ ಇಡುವ ಮೊದಲೇ ಕಟ್ಟಬೇಕು.

ಇನ್ನು ನಮ್ಮ ಪರವಾಗಿ ಕೆಲಸ ಮಾಡುವ ಕೀಟಗಳು. ಇವುಗಳ ಬಗ್ಗೆ ಮಾತಾಡುವಾಗ ನನಗೆ ಸಂಕಟವೂ ಆಗುತ್ತದೆ, ಏಕೆಂದರೆ ತಿಳಿಯದೆ ನಾವೇ ಇವುಗಳನ್ನು ಅತಿ ಹೆಚ್ಚು ಕೊಂದಿದ್ದೇವೆ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯದ ಕಿತ್ತಳೆ, ನಿಂಬೆ ತೋಟಗಳು ಬೆನ್ನ ಮೇಲೆ ಹತ್ತಿಯಂತಹ ಮೊಟ್ಟೆಚೀಲ ಹೊತ್ತು, ಗಿಡಕ್ಕೆ ಅಂಟಿಕೊಂಡು ರಸ ಹೀರುವ ಒಂದು ಶಲ್ಕ ಕೀಟದಿಂದ ನಾಶದ ಅಂಚಿಗೆ ಬಂದಿದ್ದವು. ಅದು ಆಸ್ಟ್ರೇಲಿಯದಿಂದ ಬಂದ ಕೀಟ. ಅದರ ಶತ್ರುವನ್ನು ಅಲ್ಲಿಯೇ ಹುಡುಕಬೇಕೆಂದು ಕೀಟಶಾಸ್ತ್ರಜ್ಞ ಆಲ್ಬರ್ಟ್ ಕೋಬೆಲೆ ಅವರನ್ನು ಕಳುಹಿಸಿದರು. 1888ರ ಕೊನೆ ಮತ್ತು 1889ರ ಆರಂಭದಲ್ಲಿ ಅವರು ಮೊದಲಿಗೆ ಕಳುಹಿಸಿದ್ದು ಆ ಕೀಟವನ್ನು ತಿನ್ನುವ ಕೇವಲ 129 ಗುಲಗಂಜಿ ಹುಳುಗಳು. ಒಂದೆರಡು ವರ್ಷಗಳಲ್ಲಿ ಶಲ್ಕ ಕೀಟ ಎಣಿಕೆಗೆ ಸಿಗದಂತಾಯಿತು. ಆದರೆ 1940ರ ದಶಕದಲ್ಲಿ ಬೇರೆ ಕೀಟಗಳಿಗೆಂದು ಅದೇ ತೋಟಗಳಿಗೆ ಡಿಡಿಟಿ ಎಂಬ ಕೀಟನಾಶಕ ಹೊಡೆದಾಗ ಗುಲಗಂಜಿ ಹುಳು ಸತ್ತು, ಮರೆತೇ ಹೋಗಿದ್ದ ಶಲ್ಕ ಕೀಟ ಮತ್ತೆ ತಲೆಯೆತ್ತಿತು.

ಹಿಟ್ಟುತಿಗಣೆ ತಿನ್ನುವ ಕ್ರಿಪ್ಟೋಲೇಮಸ್ ಎಂಬ ಗುಲಗಂಜಿ ಹುಳುವನ್ನು ನೀವು ಗುರುತಿಸಲೇಬೇಕು. ಅದರ ಮರಿಹುಳು ತಾನೇ ಹಿಟ್ಟುತಿಗಣೆಯಂತೆ ಕಾಣುತ್ತದೆ. ಮೈತುಂಬ ಬಿಳಿ ಮೇಣದ ಎಳೆಗಳು. "ಸರ್, ಹಿಟ್ಟುತಿಗಣೆ ಬಹಳ ದೊಡ್ಡದಾಗಿಬಿಟ್ಟಿದೆ" ಎಂದು ಒಬ್ಬರು ಡಬ್ಬಿಯಲ್ಲಿ ತುಂಬಿ ತಂದದ್ದು ಇದನ್ನೇ. ವ್ಯತ್ಯಾಸ ಕಂಡುಹಿಡಿಯುವುದು ಸುಲಭ: ಒಂದು ಕಡ್ಡಿಯಿಂದ ಮುಟ್ಟಿ. ತಿಗಣೆ ಅಂಟಿಕೊಂಡೇ ಕೂರುತ್ತದೆ ಅಥವಾ ತೆವಳುತ್ತದೆ. ಇದು ಚುರುಕಾಗಿ ನಡೆದು ಹೋಗುತ್ತದೆ. ಈ ಗುಲಗಂಜಿ ಹುಳು ಕಂಡ ಮರಕ್ಕೆ ಸಿಂಪಡಣೆ ನಿಲ್ಲಿಸಿ. ಜೊತೆಗೆ ಕಾಂಡ ಹತ್ತುವ ಇರುವೆಗಳನ್ನೂ ತಡೆಯಿರಿ. ಸಿಹಿ ಅಂಟಿನ ಆಸೆಗೆ ಇರುವೆಗಳು ತಿಗಣೆಯ ಕಾವಲಿಗೆ ನಿಂತು ಗುಲಗಂಜಿ ಹುಳುವನ್ನು ಓಡಿಸುತ್ತವೆ. ಎಲ್ಲ ಇರುವೆಗಳೂ ಶತ್ರುಗಳಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ದಕ್ಷಿಣ ಚೀನಾದ ಕಿತ್ತಳೆ ಬೆಳೆಗಾರರು ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆಗಳನ್ನು ಗೂಡು ಸಮೇತ ಕೊಂಡು ತಂದು ಮರಕ್ಕೆ ಬಿಡುತ್ತಿದ್ದರೆಂದು 4ನೇ ಶತಮಾನದ್ದೆನ್ನಲಾಗುವ ಬರಹದಲ್ಲೇ ಇದೆ. ಮರದಿಂದ ಮರಕ್ಕೆ ಬಿದಿರಿನ ಸೇತುವೆ ಕಟ್ಟುವ ರೂಢಿಯೂ ಅಲ್ಲಿ ಬೆಳೆಯಿತು. ಯಾವ ಇರುವೆ ಯಾವ ಕೀಟದ ಜೊತೆ ಇದೆ ಎಂದು ನೋಡಿ ತೀರ್ಮಾನಿಸಬೇಕು.

ಔಷಧಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಬೇಕಾದಾಗ ಬೇಕೇ ಬೇಕು. ಆದರೆ ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಕೀಟ ಅದಕ್ಕೆ ಒಗ್ಗಿಕೊಳ್ಳುತ್ತದೆ. ಇದು ಹೊಸ ಮಾತೇನಲ್ಲ. ಹಣ್ಣಿನ ಮರಗಳ ಸ್ಯಾನ್ ಹೋಸೆ ಶಲ್ಕ ಕೀಟ ಸುಣ್ಣ ಗಂಧಕದ ದ್ರಾವಣಕ್ಕೆ ಬಗ್ಗುತ್ತಿಲ್ಲವೆಂದು ಅಮೆರಿಕದ ಕೀಟಶಾಸ್ತ್ರಜ್ಞ ಮೆಲಾಂಡರ್ 1914ರಲ್ಲೇ ಬರೆದಿದ್ದರು, ಡಿಡಿಟಿ ತೋಟಕ್ಕೆ ಬರುವುದಕ್ಕೂ ಮೂರು ದಶಕ ಮೊದಲು. ಹಾಗಾಗಿ ಎರಡನೇ ಸಲ ಹೊಡೆಯಬೇಕಾಗಿ ಬಂದರೆ ಬೇರೆ ಗುಂಪಿನ, ಅಂದರೆ ಕೀಟವನ್ನು ಬೇರೆ ರೀತಿಯಲ್ಲಿ ಕೊಲ್ಲುವ ಔಷಧಿ ಆರಿಸಿ. ಬೇರೆ ಹೆಸರಿನದಾದರೆ ಸಾಲದು, ಡಬ್ಬಿಯ ಮೇಲೆ ಬರೆದ ಗುಂಪು ಬೇರೆಯಿರಬೇಕು. ಕೊಯ್ಲಿಗೆ ಮೊದಲು ಎಷ್ಟು ದಿನ ಬಿಡಬೇಕೆಂದು ಅಲ್ಲೇ ಬರೆದಿರುತ್ತದೆ, ಅದನ್ನು ತಪ್ಪದೆ ಪಾಲಿಸಿ. ಆ ಹಣ್ಣನ್ನು ಒಂದು ಮಗು ತಿನ್ನುತ್ತದೆ.

ಹೊಡೆಯುವ ಮೊದಲು ಎಣಿಸಿ. ಕೀಟದ ಸಂಖ್ಯೆ ಯಾವ ಮಟ್ಟ ಮುಟ್ಟಿದರೆ ನಷ್ಟ ಸಿಂಪಡಣೆಯ ಖರ್ಚನ್ನು ಮೀರುತ್ತದೋ ಆ ಮಟ್ಟಕ್ಕೆ ಮೊದಲೇ ಕೈ ಹಾಕಬೇಕು, ಅದಕ್ಕಿಂತ ಕೆಳಗಿದ್ದರೆ ಸುಮ್ಮನಿರಬೇಕು ಎಂಬ ವಿಚಾರವನ್ನು 1959ರಲ್ಲಿ ಕ್ಯಾಲಿಫೋರ್ನಿಯದ ನಾಲ್ವರು ವಿಜ್ಞಾನಿಗಳು ಸ್ಪಷ್ಟವಾಗಿ ಮಂಡಿಸಿದರು. ಅದಕ್ಕೆ ಬೇಕಾದದ್ದು ಒಂದು ನೋಟ್‌ಪುಸ್ತಕ ಮತ್ತು ವಾರಕ್ಕೆ ಒಂದು ಬೆಳಗು. ಪ್ರತಿ ವಾರ ಅದೇ ಹತ್ತು ಮರ, ಪ್ರತಿ ಮರದ ನಾಲ್ಕೂ ದಿಕ್ಕು. ಚಿಗುರಿದೆಯೇ, ಗೊಂಚಲಿದೆಯೇ, ಎಷ್ಟು ಹುಳು, ಎಷ್ಟು ಗುಲಗಂಜಿ ಹುಳು, ಬಲೆಯಲ್ಲಿ ಎಷ್ಟು ನೊಣ, ಅಷ್ಟು ಬರೆಯಿರಿ. ಮೂರು ವರ್ಷ ಬರೆದವರ ಪುಸ್ತಕಗಳನ್ನು ನಾನು ಓದಿದ್ದೇನೆ. ಅವರ ತೋಟದ ವಿಷಯದಲ್ಲಿ ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ.

ಕೊನೆಯಲ್ಲಿ ಒಬ್ಬರು ಅಕ್ಕ ಎದ್ದು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. "ಬಿದ್ದ ಹಣ್ಣನ್ನು ನಾವು ಆರಿಸಿ ಬದುವಿನ ಗುಂಡಿಗೆ ಹಾಕುತ್ತೇವೆ, ಆದರೂ ನೊಣ ಕಡಿಮೆಯಾಗಿಲ್ಲವಲ್ಲ?" ಗುಂಡಿಯ ಮೇಲೆ ಎಷ್ಟು ಮಣ್ಣು ಹಾಕುತ್ತೀರಿ ಎಂದು ನಾನು ಕೇಳಿದೆ. ಹಾಕುವುದಿಲ್ಲ, ತೆರೆದೇ ಇರುತ್ತದೆ ಎಂದರು. ಹಾಗಾದರೆ ಅಕ್ಕ, ಅದು ಗುಂಡಿಯಲ್ಲ, ನೊಣದ ನರ್ಸರಿ. ತೋಟದ ಹುಳುವನ್ನೆಲ್ಲ ಒಂದೆಡೆ ಸೇರಿಸಿ ಮೆತ್ತನೆಯ ಮಣ್ಣು ಕೊಟ್ಟಂತಾಗಿದೆ. ಎರಡಡಿಯಾದರೂ ಮಣ್ಣು ಮುಚ್ಚಿ ತುಳಿಯಬೇಕು. ಅದಕ್ಕಿಂತ ಸುಲಭವೆಂದರೆ ಗಟ್ಟಿಯಾದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಒಂದೆರಡು ವಾರ ಸುಡುಬಿಸಿಲಿನಲ್ಲಿ ಇಟ್ಟುಬಿಡುವುದು. ಒಳಗಿನ ಕಾವಿಗೆ ಹುಳುಗಳು ಸಾಯುತ್ತವೆ, ಉಳಿದದ್ದನ್ನು ಗೊಬ್ಬರಕ್ಕೆ ಹಾಕಬಹುದು. ಆರಿಸುವುದನ್ನು ವಾರಕ್ಕೊಮ್ಮೆಯಲ್ಲ, ದಿನ ಬಿಟ್ಟು ದಿನ ಮಾಡಬೇಕು. ವಾರ ಕಾದರೆ ಹುಳು ಆಗಲೇ ಹಾರಿ ಮಣ್ಣು ಸೇರಿರುತ್ತದೆ. ಅವರು ಮೇಜಿನ ಮೇಲಿದ್ದ ಆ ಸೀಬೆಹಣ್ಣಿನ ಹೋಳುಗಳನ್ನು ಒಂದು ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ತೆಗೆದುಕೊಂಡು ಹೋದರು.